ಸಾಫ್ಟೇ ಸಾಕಂತೆ

ಫೆಬ್ರವರಿ 11, ಬುಧವಾರ

ಮೊಣಕೈ ಗಾಯಕ್ಕಿಂತ ಶರತ್ ಆಡಿದ ಮಾತೇ ಇನ್ನೂ ಉರೀತಿದೆ. "ಅಮ್ಮಾ, ನಿನ್ನ ವಯಸ್ಸಿಗೆ ಸಾಫ್ಟೇ ಸಾಕು." ಐವತ್ತು ದಾಟಿದ ಮೇಲೆ ಒಂಟಿ ಚಕ್ರದ ಎಲೆಕ್ಟ್ರಿಕ್ ಗಾಡಿ ಹತ್ತಿದವಳಿಗೆ ಯಾವುದು ಸಾಕು ಅಂತ ಮಗ ಹೇಳ್ಬೇಕಾ?

ಪೆಡಲಿನ ಬಿಗಿ ಸಾಫ್ಟಲ್ಲಿಟ್ಟರೆ ಪಾದಕ್ಕೆ ಸುಖ, ಒಪ್ತೀನಿ. ಓಡಿಸೋಕೆ ಮುಂದೆ ಬಾಗಿದರೆ ಪೆಡಲೂ ಮೆತ್ತಗೆ ಬಾಗುತ್ತೆ. ಆದರೆ ನಿಲ್ಲಿಸೋಕೆ ಹಿಂದಕ್ಕೆ ವಾಲಿದಾಗಲೂ ಹಾಗೇ ಬಾಗಿ, ಆಮೇಲೆ ನಿಧಾನಕ್ಕೆ ಹಿಡಿಯುತ್ತೆ. ಭಾನುವಾರ ತಣಿಸಂದ್ರದ ತಿರುವಿನಲ್ಲಿ ನಾಯಿ ಅಡ್ಡ ಬಂದಾಗ ನಾನು ಬಿದ್ದಿದ್ದು ಅದಕ್ಕೇ.

ಇವತ್ತು ಬೆಳಿಗ್ಗೆ ಫೋನಿನ ಆ್ಯಪಲ್ಲಿ ನಾನೇ ಹಾರ್ಡ್‌ಗೆ ಹಾಕ್ಕೊಂಡೆ. ಪೆಡಲ್ ನೆಲದ ಹಾಗೆ ಗಟ್ಟಿ ನಿಂತಿತು. ಸರ್ವೀಸ್ ರಸ್ತೆಯಲ್ಲಿ ಆಟೋದವನೊಬ್ಬ ಇದ್ದಕ್ಕಿದ್ದಂತೆ ನನ್ನ ಮುಂದೆ ತಿರುಗಿಸಿದ. ಹಿಂದಕ್ಕೆ ವಾಲಿದೆ, ಗಾಡಿ ತಕ್ಷಣ ನಿಂತಿತು. ಬೀಳಲಿಲ್ಲ.

"ಈ ವಯಸ್ಸಲ್ಲಿ ಇದೆಲ್ಲ ಬೇಕೇನಮ್ಮಾ?" ಅಂದ ಅವನು.

"ಇಂಡಿಕೇಟರ್ ಹಾಕಿ ತಿರುಗ್ಸಪ್ಪ" ಅಂದೆ.

ಊಟದ ಹೊತ್ತಿಗೆ ಶರತ್‌ಗೆ ಗೊತ್ತಾಯ್ತು. "ಹಾರ್ಡಲ್ಲಿ ಬಿದ್ರೆ ಏನ್ ಗತಿ?"

"ಬಿದ್ದಿದ್ದು ನೀನು ಹಾಕಿಕೊಟ್ಟ ಸಾಫ್ಟಲ್ಲಿ ಕಣೋ."

ಅವನು ಮತ್ತೆ ಸಾಫ್ಟ್‌ಗೆ ಹಾಕೋಕೆ ತನ್ನ ಫೋನ್ ತೆಗೆದ. ಆಗಲಿಲ್ಲ. ಆ್ಯಪಿನ ಪಾಸ್‌ವರ್ಡ್ ಬದಲಾಯಿಸಿದ್ದೀನಿ. ಕೇಳಿದ, ಹೇಳಲಿಲ್ಲ.

ಹಾರ್ಡಲ್ಲಿ ಪ್ರತಿ ಗುಂಡಿಯೂ ಅಂಗಾಲಿಗೇ ಬಡಿಯುತ್ತೆ. ಈಗಲೂ ನೋಯ್ತಿದೆ. ನೋಯಲಿ. ನಾಳೆ ಹೆಬ್ಬಾಳ ಕೆರೆ ತನಕ ಹಾರ್ಡಲ್ಲೇ ಹೋಗಿ ಬರ್ತೀನಿ.