ನಮ್ಮ ಜಗಲಿಯ ಬ್ಯಾಂಕು

ಮಠದ ಕೊಪ್ಪಲು, ದಂಡಿಗನಹಳ್ಳಿ ಹೋಬಳಿ
ಶನಿವಾರ, ೨೩-೮-೨೦೨೫

ಮಾನಸಾಳ ಅಪ್ಪನವರಿಗೆ ರೇವಮ್ಮ ಮಾಡುವ ಶರಣು.

ಮಂಡಿ ನೋವು ಹೇಗಿದೆ? ಅರಕಲಗೂಡಿನ ಡಾಕ್ಟರು ಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಬಾಟಲಿಯನ್ನು ಕಿಟಕಿಯಲ್ಲಿಟ್ಟು ನೋಡುತ್ತಿದ್ದೀರೋ? ನೀವು ದಿನಾ ಬೆಳಿಗ್ಗೆ ಬಸ್ ಸ್ಟ್ಯಾಂಡಿನವರೆಗೂ ನಡೆದು ಹೋಗಿ ಪೇಪರು ಓದಿಕೊಂಡು ಬರುತ್ತೀರಂತೆ, ಮಾನಸಾ ಹೇಳಿದಳು. ಇಲ್ಲಿ ಬಚ್ಚಲಿಗೆ ಹೋಗಲೂ ಒಪ್ಪದಿದ್ದ ಮಂಡಿ ಅಲ್ಲಿ ಅಷ್ಟು ದೂರ ಹೇಗೆ ಒಪ್ಪಿತು ಅಂತ ನಾನು ಕೇಳಲಿಲ್ಲ. ಅಳಿಯಂದಿರ ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆ ಅಂತ ತಟ್ಟೆ ಮುಂದೆ ಮುಖ ಗಂಟು ಹಾಕಬೇಡಿ, ನಿಮ್ಮ ಬೀಪಿಗೆ ಅದೇ ಒಳ್ಳೆಯದು. ಇಲ್ಲಿ ನಾನು, ಮಗ ಸಿದ್ದೇಶ, ಎರಡು ಹಸು, ಒಂದು ಬ್ಯಾಂಕು, ಎಲ್ಲರೂ ಸದ್ಯಕ್ಕೆ ಚೆನ್ನಾಗಿದ್ದೇವೆ.

ಕೈಯಲ್ಲಿ ಫೋನಿರುವಾಗ ಕಾಗದವೇಕೆ ಅಂತ ನಿಮಗೆ ಅನ್ನಿಸಬಹುದು. ಫೋನಿನಲ್ಲಿ ನಾನು ಬ್ಯಾಂಕು ಅನ್ನುವಷ್ಟರಲ್ಲಿ ‘ಟವರ್ ಸಿಗ್ತಿಲ್ಲ ಕಣೇ’ ಅಂತ ಇಟ್ಟುಬಿಡುತ್ತೀರಿ. ಕಾಗದಕ್ಕೆ ಟವರು ಬೇಡ. ನೀವು ಅಡ್ಡ ಬಾಯಿ ಹಾಕಿದರೂ ಅದು ತನ್ನ ಪಾಡಿಗೆ ಹೇಳಿ ಮುಗಿಸುತ್ತದೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಒಂದು ಮಾತನ್ನು ಪೂರ್ತಿ ಹೇಳುವ ದಾರಿ ಸಿಕ್ಕಿದೆ, ಬಿಡುವವಳಲ್ಲ ನಾನು.

ನಡೆದದ್ದು ನಿಮಗೆ ಗೊತ್ತು. ಆದರೆ ನೀವು ಹೇಳುವುದು ಒಂದು ಥರ, ಊರು ಹೇಳುವುದು ಇನ್ನೊಂದು ಥರ. ನಾನು ಕಂಡದ್ದನ್ನೂ ಕೇಳಿ. ನಮ್ಮ ಜಗಲಿಯಲ್ಲಿ ಬಾಡಿಗೆಗಿರುವ ಬ್ಯಾಂಕಿಗೆ ಹೊಸ ಮ್ಯಾನೇಜರ್ ಶಶಿಕಿರಣ್ ಬಂದು ಇನ್ನೂ ವಾರವಾಗಿರಲಿಲ್ಲ. ನೀವು ಪಾಸ್‌ಬುಕ್ ಹಿಡಿದು ಹೋದಿರಿ. ಅವರು ಕಂಪ್ಯೂಟರ್ ನೋಡಿ, ‘ಸರ್, ನಿಮ್ಮ ಕೆವೈಸಿ ಆಗಿಲ್ಲ, ಗುರುತಿಗೆ ಏನಾದರೂ ಕೊಡಿ’ ಅಂದರು. ಅಷ್ಟೇ ಅಂದದ್ದು. ನೀವು ಒಳಗೆ ಬಂದು ಟವೆಲ್ಲು ಕೊಡವಿದ ಸದ್ದಿಗೆ ಕೊಟ್ಟಿಗೆಯಲ್ಲಿದ್ದ ಹಸು ಎದ್ದು ನಿಂತಿತು. ‘ನನ್ ಮನೇಲಿ ಕುಂತ್ಕಂಡು, ನನ್ ಸೂರಿನಡೀಲಿ ಇದ್ಕಂಡು, ನೀನ್ಯಾರು ಅಂತ ನನ್ನೇ ಕೇಳ್ತಾನೆ ಕಣೇ!’ ಅಂದಿರಿ. ಮಾರನೆಯ ದಿನವೇ ಚನ್ನರಾಯಪಟ್ಟಣದ ವಕೀಲರ ಹತ್ತಿರ ಹೋಗಿ, ಮೂರು ತಿಂಗಳಲ್ಲಿ ಕಟ್ಟಡ ಖಾಲಿ ಮಾಡಿ ಅಂತ ಬ್ಯಾಂಕಿಗೆ ನೋಟಿಸು ಕಳಿಸಿದಿರಿ. ಆಮೇಲೆ ಶುರುವಾಯಿತು ಮಂಡಿ ನೋವು, ಆಮೇಲೆ ಅರಕಲಗೂಡಿನ ಬಸ್ಸು.

ಮ್ಯಾನೇಜರು ಓಡಿ ಬಂದು ಕೈ ಮುಗಿಯುತ್ತಾರೆ ಅಂತ ನೀವು ಅಂದುಕೊಂಡಿದ್ದಿರಿ. ನಿಮ್ಮ ಹೊಟ್ಟೆಯಲ್ಲಿರುವುದು ನನಗೆ ಗೊತ್ತಿಲ್ಲವೇ? ಬ್ಯಾಂಕು ಹೋಗಲಿ ಅಂತ ನಿಮಗೆ ಒಂದು ಗಳಿಗೆಯೂ ಅನ್ನಿಸಿರಲಿಲ್ಲ. ಆದರೆ ಮೇಲಿನ ಆಫೀಸಿನವರಿಗೆ ಬೇಕಿದ್ದದ್ದೇ ಅದು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಇಬ್ಬರು ಬಂದು ಊರೆಲ್ಲ ಸುತ್ತಿದರು. ಹಣ ಇಡುವ ಸ್ಟ್ರಾಂಗ್ ರೂಮಿಗೆ ತಕ್ಕ ಗಟ್ಟಿ ಗೋಡೆ ಬೇರೆಲ್ಲೂ ಇಲ್ಲ ಅಂತ ಬರೆದುಕೊಂಡರು. ಮಠದ ಕೊಪ್ಪಲಿನ ಶಾಖೆಯನ್ನು ಮುಚ್ಚಿ ಚನ್ನರಾಯಪಟ್ಟಣದ ಶಾಖೆಗೆ ಸೇರಿಸಬೇಕು ಅಂತ ಹಾಸನಕ್ಕೆ ಬರೆದೂಬಿಟ್ಟರು.

ಸುದ್ದಿ ಕಿವಿಗೆ ಬಿದ್ದ ಬೆಳಿಗ್ಗೆಯೇ ಮಾದಮ್ಮ ಬಂದು ಜಗಲಿಯ ಮೇಲೆ ಕೂತಳು. ಪಿಂಚಣಿ ದಿನ ಬಂದರೆ ಬ್ಯಾಂಕಿನ ಕೆಲಸ ಸ್ವಲ್ಪ, ನನ್ನ ಹತ್ತಿರ ಮಾತು ಜಾಸ್ತಿ ಆಡುವವಳಲ್ಲವೇ ಅವಳು. ‘ಅವ್ವಾ, ಬ್ಯಾಂಕು ಓಯ್ತದಂತೆ. ಬಸ್ ಅತ್ತಿದ್ರೆ ನಂಗೆ ವಾಂತಿ ಬತ್ತದೆ. ಪಟ್ಣಕ್ಕೆ ಎಂಗೆ ಓಗ್ಲಿ? ಅಯ್ಯಾರು ಯಾಕವ್ವಾ ಇಂಗ್ ಮಾಡ್ಬುಟ್ರು?’ ಅಂದಳು. ಅವಳಿಗೆ ಮಜ್ಜಿಗೆ ಕೊಟ್ಟೆ. ಊರಲ್ಲಿ ನಿಮ್ಮನ್ನು ಬೈಯುವವರು ಬೇಕಾದಷ್ಟು ಜನ ಇದ್ದಾರೆ, ಅವರನ್ನು ನಾನು ಲೆಕ್ಕಕ್ಕೇ ಇಡುವುದಿಲ್ಲ. ಮಾದಮ್ಮ ಬೈಯಲಿಲ್ಲ, ಬರೀ ಕೇಳಿದಳು. ನನಗೆ ಅದೇ ಚುಚ್ಚಿತು.

ಸೆರಗು ಸಿಕ್ಕಿಸಿಕೊಂಡು ನೇರ ಶಶಿಕಿರಣ್ ಮುಂದೆ ಹೋಗಿ ಕೂತೆ. ಪಾಪ, ಅವರು ಎದ್ದು ನಿಂತರು. ‘ಅಮ್ಮಾ, ಗುರುತು ಕೇಳದಿದ್ದರೆ ಖಾತೆಯೇ ನಿಂತುಹೋಗುತ್ತಿತ್ತು, ಅವರ ಒಳ್ಳೆಯದಕ್ಕೇ ಕೇಳಿದೆ’ ಅಂದರು. ಹಾಗಾದರೆ ನನ್ನದೂ ತೆಗೆದುಕೊಳ್ಳಿ ಅಂತ ಆಧಾರ್ ಮುಂದಿಟ್ಟೆ. ಅದರ ಫೋಟೋದಲ್ಲಿ ನಾನು ಸಂತೆಯಲ್ಲಿ ಸಿಕ್ಕಿಬಿದ್ದ ಕಳ್ಳಿಯ ಹಾಗಿದ್ದೇನೆ, ಆದರೂ ಮರ್ಯಾದೆಯಿಂದ ವಾಪಸ್ಸು ಕೊಟ್ಟರು. ಆಮೇಲೆ ಕೇಳಿದೆ, ಬ್ಯಾಂಕು ಬೇಕೆಂದಾಗ ಬಾಗಿಲು ಹಾಕಿಕೊಂಡು ಹೋಗಬಹುದೇ ಅಂತ. ಹೋಗುವ ಹಾಗಿಲ್ಲವಂತೆ ಕಣ್ರೀ! ದೊಡ್ಡ ಊರುಗಳಲ್ಲಾದರೆ ಗಿರಾಕಿಗಳಿಗೆ ಮುಂಚಿತವಾಗಿ ತಿಳಿಸಿ ಮುಚ್ಚಬಹುದು. ಹಳ್ಳಿಯಲ್ಲಿ ಇರುವುದು ಒಂದೇ ಬ್ಯಾಂಕು ಅಂದರೆ ಜಿಲ್ಲೆಯ ಸಮಿತಿ ಒಪ್ಪಬೇಕು. ಒಪ್ಪಿದ ಮೇಲೂ ಖಾತೆ ಎಲ್ಲಿಗೆ ಹೋಗುತ್ತದೆ, ಲಾಕರಿನ ಗತಿ ಏನು, ಪಿಂಚಣಿ ಎಲ್ಲಿ ಅಂತ ಎಲ್ಲರಿಗೂ ಮೊದಲೇ ತಿಳಿಸಬೇಕು. ರಿಪೇರಿಗೆ ಅಂತ ಸ್ವಲ್ಪ ದಿನ ಬಾಗಿಲು ಹಾಕಿದರೂ ಬಾಗಿಲ ಮೇಲೆ ಬರೆದು ಅಂಟಿಸಿ, ಬೇರೆ ಏರ್ಪಾಡು ಮಾಡಬೇಕು. ಮದುವೆ ಮುರಿಯುವುದಕ್ಕೂ ಇಷ್ಟು ಜನರನ್ನು ಕೇಳುವುದಿಲ್ಲವಲ್ಲ ಅಂದೆ. ಅವರು ನಕ್ಕುಬಿಟ್ಟರು.

ನಮ್ಮ ಸ್ತ್ರೀಶಕ್ತಿ ಸಂಘದವರೆಲ್ಲ ಸೇರಿ ಒಂದು ಅರ್ಜಿ ಬರೆಸಿದೆವು. ಜಿಲ್ಲೆಯ ಸಮಿತಿಯ ಸಭೆಯ ದಿನ ನಾನೇ ಹಾಸನಕ್ಕೆ ಹೊರಟೆ. ದಾರಿಯ ಒಂದು ಮಾತು ಹೇಳಲೇಬೇಕು. ಕಂಡಕ್ಟರು ಬೇರೆ ಯಾರೂ ಅಲ್ಲ, ನಮ್ಮ ಕೃಷ್ಣಪ್ಪ. ನಮ್ಮ ಮನೆಯ ಹೋಳಿಗೆಗೆ ಎರಡು ಸಲ ತುಪ್ಪ ಹಾಕಿಸಿಕೊಂಡು ತಿಂದವನು. ಹೆಂಗಸರ ಬಿಟ್ಟಿ ಟಿಕೆಟ್ಟಿಗೆ ಅವನೂ ‘ಅತ್ತೆ, ಆಧಾರ್ ತೋರ್ಸಿ’ ಅಂದ. ತೋರಿಸಿದೆ. ಬಸ್ಸು ನಿಲ್ಲಿಸಿ ಅವನನ್ನು ಕೆಳಗಿಳಿಸಲಿಲ್ಲ ನಾನು.

ಸಭೆ ಮಾಡುವ ಎಸಿ ಹಾಲು ಎಷ್ಟು ತಣ್ಣಗಿತ್ತೆಂದರೆ ಶಾಲು ತರಬೇಕಿತ್ತು ಅನ್ನಿಸಿತು. ಸಂಘದ ಪರವಾಗಿ ಅಂತ ನನ್ನನ್ನು ಒಳಗೆ ಕರೆದರು. ಬ್ಯಾಂಕಿನ ದೊಡ್ಡ ಅಧಿಕಾರಿ ಎದ್ದು, ಈಗ ಜನ ಫೋನಿನಲ್ಲೇ ವ್ಯವಹಾರ ಮಾಡುತ್ತಾರೆ, ಊರಿಗೆ ಮೆಷಿನ್ ಹಿಡಿದ ಒಬ್ಬರನ್ನು ಕಳಿಸುತ್ತೇವೆ, ಅಲ್ಲದೆ ಕಟ್ಟಡದ ಮಾಲೀಕರೇ ಖಾಲಿ ಮಾಡಿ ಅಂದಿದ್ದಾರೆ ಅಂದರು. ಸಭೆ ನಡೆಸುತ್ತಿದ್ದ ಮೇಡಂ ಮಾಲೀಕರು ಯಾರು ಅಂತ ಕೇಳಿದರು. ನಮ್ಮ ಯಜಮಾನರು ಅಂದೆ. ಯಾಕಂತೆ ಖಾಲಿ ಮಾಡಿಸುತ್ತಿರುವುದು ಅಂದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಬ್ಯಾಂಕಿನವರು ಗುರುತು ಕೇಳಿದರು, ಅದಕ್ಕೆ ಅಂದೆ. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು.

ಅವರು ನಕ್ಕಾಗ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮನೆಯಲ್ಲಿ ಕೂತು ನಿಮ್ಮನ್ನು ಎಷ್ಟು ಬೇಕಾದರೂ ಆಡಿಕೊಳ್ಳುತ್ತೇನೆ, ಅದು ನನ್ನ ಹಕ್ಕು. ಇನ್ನೊಬ್ಬರು ನಕ್ಕರೆ ಸಹಿಸುವವಳಲ್ಲ. ಎದ್ದು ನಿಂತು ಹೇಳಿದೆ: ‘ನಗ್ಬೇಡಿ ಸಾ. ನಮ್ಮೂರಿಗೆ ಬ್ಯಾಂಕಿನೋರು ಬತ್ತೀವಿ ಅಂದಾಗ ಜಾಗ ಕೊಡೋರು ಒಬ್ರೂ ಇರ್ಲಿಲ್ಲ. ಇವ್ರು ಕೊಬ್ಬರಿ ಕೂಡಿಡೋ ಅಟ್ಟ ಕೆಡವಿಸಿ ಸ್ಟ್ರಾಂಗ್ ರೂಮಿನ ಗೋಡೆ ಕಟ್ಸಿದ್ರು. ಆ ವರ್ಷದ ಕೊಬ್ಬರಿ ನೆನೆದು ಕಪ್ಪಾಗೋಯ್ತು, ಒಂದು ಮಾತಾಡ್ಲಿಲ್ಲ. ದಿನಾ ಬೆಳಿಗ್ಗೆ ಸಿಮೆಂಟಿಗೆ ನೀರು ಹಾಕಿದ್ದು ಅವರೇ. ಅಂಥೋರನ್ನ ನೀನ್ಯಾರು ಅಂದ್ರೆ ನೋವಾಗಲ್ವಾ?’ ಅಂದೆ. ಮೇಡಂ ನನಗೆ ನೀರು ತರಿಸಿಕೊಟ್ಟರು.

ಮುಚ್ಚುವುದಕ್ಕೆ ಸಮಿತಿ ಒಪ್ಪಲಿಲ್ಲ. ಗೆದ್ದೆ ಅಂತ ಹಾರಾಡುವ ಹಾಗೂ ಇಲ್ಲ. ಮಾಲೀಕರು ನೋಟಿಸು ವಾಪಸ್ಸು ಪಡೆದು ಸಹಿ ಮಾಡಿದ ಕಾಗದ ಇದೇ ಸೋಮವಾರದೊಳಗೆ ಬ್ಯಾಂಕಿಗೆ ಸೇರಿದರೆ ಶಾಖೆ ಇದ್ದಲ್ಲೇ ಇರುತ್ತದೆ. ಇಲ್ಲವಾದರೆ ಬೇರೆ ಕಟ್ಟಡ ಸಿಗುವ ತನಕ ತಾತ್ಕಾಲಿಕವಾಗಿ ಬಾಗಿಲು ಹಾಕಿ, ಕೆಲಸವನ್ನೆಲ್ಲ ಚನ್ನರಾಯಪಟ್ಟಣದಲ್ಲಿ ನಡೆಸುತ್ತಾರೆ. ನಮ್ಮೂರಿನ ಸಂಜೆ ಬಸ್ಸೂ ತಾತ್ಕಾಲಿಕವಾಗಿಯೇ ನಿಂತದ್ದು, ನೆನಪಿದೆಯೇ? ಸಿದ್ದೇಶ ಆಗ ಒಂದನೇ ಕ್ಲಾಸು.

ಇವತ್ತು ನಾಲ್ಕನೇ ಶನಿವಾರ, ಬ್ಯಾಂಕಿಗೆ ರಜ. ಜಗಲಿಯ ಮೇಲೆ ಒಂದು ನರಪಿಳ್ಳೆ ಇಲ್ಲ. ನೀರು ಕೇಳುವವರಿಲ್ಲ, ಚೀಟಿ ತುಂಬಿಕೊಡಿ ಅನ್ನುವವರಿಲ್ಲ, ನಿಮ್ಮನ್ನು ಎಲ್ಲಿ ಅಂತ ವಿಚಾರಿಸುವವರೂ ಇಲ್ಲ. ಎಳೆದ ಶಟರನ್ನು ನೋಡುತ್ತಾ ಇದನ್ನು ಬರೆಯುತ್ತಿದ್ದೇನೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಸಿಟ್ಟಿಳಿದ ಮೇಲೆ ಬಂದೀತೇ? ಊರಿಗೆ ಬ್ಯಾಂಕು ತಂದ ಈಶ್ವರಯ್ಯ ಅಂತ ಇಷ್ಟು ದಿನ ಕರೆಸಿಕೊಂಡಿರಿ. ಬ್ಯಾಂಕು ಓಡಿಸಿದ ಈಶ್ವರಯ್ಯ ಅಂತ ಯಾರಾದರೂ ಕರೆಯುವುದನ್ನು ನಾನು ಕೇಳಲಾರೆ. ಆದರೆ ನೀವು ಹಾಗೆ ಆಗಗೊಡುವುದಿಲ್ಲ ಅಂತ ನನಗೆ ಗೊತ್ತು. ನಿಮ್ಮ ಸಿಟ್ಟು ಬೆಲ್ಲದ ಪಾಕದಂಥದ್ದು, ಕುದಿಯುವಾಗ ಹತ್ತಿರ ಹೋಗಬಾರದು ಅಷ್ಟೇ.

ಮಾನಸಾಗೂ ಅಳಿಯಂದಿರಿಗೂ ನನ್ನ ಆಶೀರ್ವಾದ ತಿಳಿಸಿ. ಬೀಗರು ಸಿಕ್ಕರೆ ಕೇಳಿದೆ ಅನ್ನಿ. ಸಂಜೆ ತಣ್ಣೀರಲ್ಲಿ ಕಾಲು ತೊಳೆಯಬೇಡಿ. ಆ ಶಿವ ನಿಮ್ಮ ಮಂಡಿಗೆ ಬಲ ಕೊಡಲಿ, ಮನಸ್ಸಿಗೆ ಬಲ ಮೊದಲೇ ಜಾಸ್ತಿಯಾಗಿದೆ.

ಇಂತಿ ನಿಮ್ಮ,
ರೇವಮ್ಮ

ಮ.ವಿ.: ಭಾನುವಾರ, ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಕೂತು ಇದಿಷ್ಟು ಸೇರಿಸುತ್ತಿದ್ದೇನೆ, ತೊಡೆಯ ಮೇಲಿಟ್ಟು ಬರೆದದ್ದು, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಳ್ಳಿ. ಅಂಚೆಗೆ ಹಾಕಿದರೆ ಸೋಮವಾರದೊಳಗೆ ತಲುಪುವುದಿಲ್ಲ. ಅದಕ್ಕೇ ಮಾನಸಾಳ ಗೌರಿ ಬಾಗಿನದ ಜೊತೆ ಕಾಗದವನ್ನೂ ನಾನೇ ತರುತ್ತಿದ್ದೇನೆ. ಇದನ್ನು ಅವಳ ಕೈಯಲ್ಲಿ ನಿಮಗೆ ಕೊಡಿಸಿ ಅಡುಗೆಮನೆಯಲ್ಲಿ ಕೂತಿರುತ್ತೇನೆ. ನೀವು ಓದಿ ಮುಗಿಸುವ ತನಕ ಈಚೆ ಬರುವುದಿಲ್ಲ. ನೋಟಿಸು ವಾಪಸ್ಸು ಪಡೆಯುವ ಕಾಗದ ಇದರ ಹಿಂದೆಯೇ ಇದೆ, ವಕೀಲರೇ ಬರೆದುಕೊಟ್ಟರು. ಬೈಯುವುದಿದ್ದರೆ ಮೊದಲು ಬೈದುಬಿಡಿ, ಆಮೇಲೆ ಸಹಿ ಹಾಕಿ. ಮಧ್ಯಾಹ್ನದ ಬಸ್ಸಿಗೇ ಹೊರಟರೆ ಹೊತ್ತು ಮುಳುಗುವುದರೊಳಗೆ ಊರು ಸೇರಬಹುದು. ನನ್ನ ಟಿಕೆಟ್ಟು ಬಿಟ್ಟಿ, ನಿಮ್ಮದಕ್ಕೆ ಚಿಲ್ಲರೆ ತಂದಿದ್ದೇನೆ. ಒಂದು ಸಹಿ ಮಾತ್ರ ತೆಗೆದುಕೊಂಡು ಹೋಗುವುದಕ್ಕೆ ನಾನು ಇಷ್ಟು ದೂರ ಬಂದಿಲ್ಲ ಕಣ್ರೀ, ನೀವಿಲ್ಲದೆ ನನಗೆ ಆಗುತ್ತಿಲ್ಲ. ಓದಿಯಾದರೆ ಕೂಗಿ.