ಕಲ್ಲು ಹೂಳುವ ಮೊದಲು

ಸಿವಾರೈ, ಬೋಗನ್‌ವಿಲ್
ಸೋಮವಾರ, 16 ಸೆಪ್ಟೆಂಬರ್ 2019

ಪ್ರೀತಿಯ ಅಂಬ್ರೋಸ್,

ಕಾಗದ ಕಂಡು ಹೆದರಬೇಡ, ಯಾರೂ ಸತ್ತಿಲ್ಲ. ದೊಡ್ಡಮ್ಮ ಅನಸ್ತಾಸಿಯಾ ಕೂಡ ಗಟ್ಟಿಮುಟ್ಟಾಗಿದ್ದಾಳೆ. ಈಗಷ್ಟೇ ಬಂದು ನನ್ನ ಗೆಣಸಿನ ಪಾತಿ ಹಂದಿ ಕೆದರಿದ ಹಾಗಿದೆ ಎಂದು ಹೇಳಿ ಹೋದಳು. ಫೋನ್ ಮಾಡಬಹುದಿತ್ತು, ಗುಡ್ಡದ ಮೇಲಿನ ಟವರು ಇತ್ತೀಚೆಗೆ ಆಗಾಗ ಬದುಕಿರುತ್ತದೆ. ಆದರೆ ಫೋನಿನಲ್ಲಿ ನೀನು ನನ್ನನ್ನು ಮಾತಾಡಲು ಬಿಡುವುದಿಲ್ಲ. ಕಾಗದವಾದರೆ ನಡುವೆ ಬಾಯಿ ಹಾಕುವಂತಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಜಸಿಂತಾ ಬುಧವಾರ ಹತ್ತು ಸೀಟಿನ ಗಾಡಿಯಲ್ಲಿ ಬುಕಾಕ್ಕೆ ಬಂದು ನಿನ್ನ ಕೈಗೇ ಕೊಡುತ್ತಾಳೆ. ಮಗಳ ಎದುರಿಗೆ ಓದಬೇಡ. ನೀನು ಅತ್ತರೆ ಅವಳೂ ಅಳುತ್ತಾಳೆ.

ವಿಷಯ ಇಷ್ಟೇ. ಶನಿವಾರ ರಾಜಿಯ ಕಲ್ಲು ಹೂಳೋಣವೆಂದು ನಮ್ಮ ಹೆಂಗಸರು ಒಪ್ಪಿದ್ದಾರೆ. ನೀನು ಬರಬೇಕು.

ಕಲ್ಲು ಮಣ್ಣಿಗೆ ಹೋದ ಮೇಲೆ ಏನೆಂದು ನಿನಗೆ ಹೇಳಿಕೊಡಬೇಕಾಗಿಲ್ಲ. ಆ ಮಾತನ್ನು ಮತ್ತೆ ಯಾರೂ ಎತ್ತುವಂತಿಲ್ಲ. ಕುಡಿದಾಗಲೂ ಇಲ್ಲ, ಜಗಳದಲ್ಲೂ ಇಲ್ಲ, ಗಂಡ ಹೆಂಡಿರ ನಡುವೆಯೂ ಇಲ್ಲ. ಹಾಗಾಗಿ ನಾಲ್ಕು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡ ಬೈಗುಳವನ್ನೆಲ್ಲ ನಾನು ಈ ವಾರದಲ್ಲೇ ಮುಗಿಸಬೇಕು. ಕೂತುಕೊಂಡು ಓದು.

ಅಲ್ಲ ಮಾರಾಯ, ಆ ದಿನ ರೇಡಿಯೊದಲ್ಲಿ ನೀನು ಹೇಳಿದ್ದೇನು? ಗಣಿ ಮತ್ತೆ ತೆರೆಯುವ ಮಾತುಕತೆಗೆ ಸಿವಾರೈ ಕಣಿವೆಯ ಒಪ್ಪಿಗೆ ಇದೆ ಅಂತ. ಯಾರ ಒಪ್ಪಿಗೆ? ನಾನು ತೆಂಗಿನಕಾಯಿ ತುರಿಯುತ್ತಾ ಕೂತಿದ್ದೆ, ಪಕ್ಕದಲ್ಲಿ ದೊಡ್ಡಮ್ಮ ಇದ್ದಳು. ಈ ಕಣಿವೆ ಅವಳದು, ಅವಳ ನಂತರ ನನ್ನದು, ನನ್ನ ನಂತರ ಜಸಿಂತಾಳದು. ಸಭೆಯಲ್ಲಿ ಎದ್ದು ನಿಂತು ಮಾತಾಡುವವನು ಗಂಡಸೇ ಇರಬಹುದು, ಆದರೆ ಏನು ಮಾತಾಡಬೇಕೆಂದು ಮೊದಲು ಹೆಂಗಸರು ಕೂತು ಹೇಳಿಕಳಿಸಬೇಕು. ಇಲ್ಲಿನ ಸಣ್ಣ ಮಕ್ಕಳಿಗೂ ಇದು ಗೊತ್ತು. ಸಾವಿರ ಜನರ ಮುಂದೆ ಮಾತಾಡಿ ಮಾತಾಡಿ ನಿನಗೆ ಮಾತ್ರ ಮರೆತೇ ಹೋಯಿತು. ದೊಡ್ಡಮ್ಮ ರೇಡಿಯೊ ಆರಿಸಿ ಅಂದಳು: “ಅಳಿಯ ನಮ್ಮ ಚಾಪೆ ಮಾರಿಬಿಟ್ಟ ಕಣೇ. ನಾವಿನ್ನೂ ಅದರ ಮೇಲೇ ಕೂತಿದೀವಿ.”

ನಾನು ನಕ್ಕೆ. ಆಮೇಲೆ ಒಳಗೆ ಹೋಗಿ ಅತ್ತೆ. ಮಾತು ಮನೆ ಕೆಡಿಸಿತು ಅನ್ನುವುದು ನನ್ನ ಮನೆಗೇ ಬಂದು ಕೂತಿತ್ತು.

ನಿನ್ನ ಯೋಚನೆ ನನಗೆ ತಿಳಿಯದ್ದೇನಲ್ಲ. ದೇಶ ಅಂತ ಆದರೆ ಆಸ್ಪತ್ರೆ ಬೇಕು, ರಸ್ತೆ ಬೇಕು, ನಮ್ಮಲ್ಲಿ ಇರುವ ಹಣವೆಲ್ಲ ನೆಲದಡಿಯಲ್ಲಿದೆ ಎಂದು ನೀನು ಎಷ್ಟೋ ಸಲ ಹೇಳಿದ್ದೆ. ಸರಿಯೇ ಇರಬಹುದು. ಆದರೆ ಇದೇ ಗಣಿಯ ಬೂದು ಕೆಸರು ನದಿಯಲ್ಲಿ ಬಂದು ನಿನ್ನ ತಾಯಿಯ ತೋಟವನ್ನು ನುಂಗಿದ್ದಕ್ಕೆ ತಾನೇ ನೀನು ಮೇಷ್ಟ್ರ ಕೆಲಸ ಬಿಟ್ಟು ಬಂದೂಕು ಹಿಡಿದು ಕಾಡು ಸೇರಿದ್ದು? ನಮ್ಮನ್ನು ಕೇಳಿದ್ದರೆ ಏನು ಹೇಳುತ್ತಿದ್ದೆವೋ ಗೊತ್ತಿಲ್ಲ. ನೀನು ಕೇಳಲೇ ಇಲ್ಲ. ನನ್ನ ಸಿಟ್ಟು ಅಷ್ಟಕ್ಕೇ.

ಬೈದಾಯಿತು. ಈಗ ಸ್ವಲ್ಪ ಬೇರೆ ಮಾತು.

ಜನ ನಿನ್ನ ರಾಜಕೀಯವನ್ನು ಭಾಷಣದಲ್ಲಿ ಕೇಳಿದರು, ನಾನು ಅಂಗಿ ಒಗೆದು ತಿಳಿದೆ. ಎಣ್ಣೆ ಡ್ರಮ್ಮಿನ ಮೇಲೆ ನಿಂತು ನೀನು ಮೊದಲ ಭಾಷಣ ಮಾಡಿದ ದಿನ ಹತ್ತುವಾಗ ಬಿಳಿ ಅಂಗಿಯ ಎದೆಗೆಲ್ಲ ತುಕ್ಕು ಮೆತ್ತಿತ್ತು. ದ್ವೀಪಕ್ಕೆ ಹಡಗೇ ಬಾರದ ಆ ದಿಗ್ಬಂಧನದ ಕಾಲದಲ್ಲಿ ಒಂದೇ ಅಂಗಿ, ಸೋಪಿಲ್ಲ, ಬೂದಿ ಹಾಕಿ ಉಜ್ಜುತ್ತಿದ್ದೆ. ತೆಂಗಿನೆಣ್ಣೆಯಲ್ಲಿ ಗಾಡಿ ಓಡಿಸುತ್ತಿದ್ದಿರಿ, ಅಂಗಿಗೆ ಹುರಿದ ಕೊಬ್ಬರಿಯ ವಾಸನೆ ಬರುತ್ತಿತ್ತು. ನಮ್ಮ ಡಾಮಿಯನ್‌ಗೆ ಅದು ಇಷ್ಟ, ಅಪ್ಪ ತಿಂಡಿ ವಾಸನೆ ಬರ್ತಾನೆ ಅನ್ನುತ್ತಿದ್ದ. ಅವನಿಗೆ ಜ್ವರ ಬಂದಾಗ ನೀನು ಬೆಟ್ಟದ ಆಚೆ ಇದ್ದೆ, ಮದ್ದು ಸಮುದ್ರದ ಆಚೆ ಇತ್ತು. ಯಾರನ್ನು ಬೈಯಲಿ? ಅದರ ಮಾರನೆಯ ವರ್ಷ ನೀನು ಶತ್ರುಗಳ ಎದುರು ಮೇಜಿಗೆ ಕೂತು ಶಾಂತಿಗೆ ಸಹಿ ಹಾಕಿ ಬಂದೆ. ಇನ್ನೊಬ್ಬರ ಮಗ ಜ್ವರದಲ್ಲಿ ಹೋಗಬಾರದು ಎಂದು ನನಗೊಬ್ಬಳಿಗೆ ಹೇಳಿದ್ದೆ. ಹೊರಗಿನವರಿಗೆ ಅದು ಗೊತ್ತಿಲ್ಲ. ಕಾಡಿನಲ್ಲಿ ಜೊತೆಗಿದ್ದ ನಿನ್ನ ಹುಡುಗರೇ ನಿನ್ನನ್ನು ಮಾರಾಟವಾದವನು ಅಂದರು, ಎಲೆಯಡಿಕೆ ಜಗಿದು ಎದೆಗೆ ಉಗಿದರು. ಆ ಕೆಂಪು ಕಲೆ ಹೋಗಲೇ ಇಲ್ಲ. ಮುಂದೆ ಗೆದ್ದಾಗ ಉಗಿದವರೇ ಹೊತ್ತು ಕುಣಿದರು, ಕಾಲರಿಗೆ ಹೂವಿನ ಬಣ್ಣ ಹತ್ತಿತ್ತು. ಮಂತ್ರಿ ಮಾಡಿದರು, ತೆಗೆದರು, ಮತ್ತೆ ಗೆದ್ದೆ. ನನಗೆ ಒಗೆದು ಒಗೆದು ಕೈ ಸವೆಯಿತು, ಆದರೆ ಒಂದು ದಿನವೂ ಬೇಸರವಾಗಲಿಲ್ಲ. ನಿಜ ಹೇಳುತ್ತಿದ್ದೇನೆ. ನೀನು ಹೋದ ಮೇಲೆ ನದಿಯ ಕಲ್ಲಿನ ಮೇಲೆ ನನ್ನ ಬಟ್ಟೆಯನ್ನಷ್ಟೇ ಕುಕ್ಕುವಾಗ ಬೇಸರವಾಯಿತು.

ಹದಿನೈದರ ಚುನಾವಣೆಯ ದಿನ ಬೆಳಿಗ್ಗೆ ನಾವು ಹೆಂಗಸರು ದಾರಿಗೆ ಅಡ್ಡ ಕೂತಿದ್ದು ನೆನಪಿದೆಯಲ್ಲ. ಗಾಡಿ ನಿಲ್ಲಿಸಿ ಇಳಿದು ಬಂದೆ. ಎಲ್ಲರೂ ನೀನು ಭಾಷಣ ಮಾಡುತ್ತೀ ಅಂದುಕೊಂಡಿದ್ದರು. ನೀನು ನನ್ನ ಮುಖವನ್ನೇ ನೋಡಿ, “ನೀನೂನಾ, ಪೆರ್ಪೆಟುವಾ?” ಅಂದೆ. ನಾನು ಉತ್ತರ ಕೊಡಲಿಲ್ಲ. ನೀನು ತಿರುಗಿ ಹೋದೆ. ಸೋತೆ, ಬುಕಾದಲ್ಲೇ ಉಳಿದೆ. ನಮ್ಮೂರ ಪೆಟ್ಟಿಗೆ ತೆರೆದಾಗ, ಒಂದು ಎರಡು ಮೂರು ಅಂತ ಅಂಕಿ ಹಾಕಿದ ಚೀಟಿಗಳಲ್ಲಿ ನಿನಗೆ ಮೊದಲ ಆಯ್ಕೆ ಅಂತ ಬಿದ್ದದ್ದು ಒಂದೇ ಓಟು. ಅದು ಪ್ರಾರ್ಥನೆ ಹೇಳಿಸುವ ಮುದುಕ ಪೇತ್ರುಸನದೇ ಎಂದು ಊರೆಲ್ಲ ತೀರ್ಮಾನ ಮಾಡಿತು. ನೀನೂ ನಂಬಿ ಅವನಿಗೊಂದು ನೀಲಿ ಹೂವಿನ ಅಂಗಿ ಕಳಿಸಿದೆ. ಅವನು ಇಲ್ಲವೆನ್ನಲೂ ಇಲ್ಲ, ಹೌದೆನ್ನಲೂ ಇಲ್ಲ, ಪ್ರತಿ ಭಾನುವಾರ ಅದನ್ನೇ ತೊಟ್ಟು ಪೂಜೆಗೆ ಬರುತ್ತಾನೆ. ಹುಡುಗರು ರೇಗಿಸಿದರೆ, ಎದೆಯೊಳಗಿನ ಓಟು ದೇವರಿಗೆ ಮಾತ್ರ ಗೊತ್ತು ಅನ್ನುತ್ತಾನೆ.

ಈಗ ಜಸಿಂತಾ ಒಂದು ಸುದ್ದಿ ತಂದಿದ್ದಾಳೆ. ರಾಜಧಾನಿ ಮೊರೆಸ್ಬಿಯಿಂದ ಯಾರೋ ಸರಕಾರದವರು ಬಂದಿದ್ದರಂತೆ. ಶುಕ್ರವಾರದ ವಿಮಾನದ ಟಿಕೆಟ್ಟು, ಅಲ್ಲಿ ಮನೆ, ಕಾರು. ನವೆಂಬರಿನಲ್ಲಿ ನಮ್ಮ ದ್ವೀಪವೆಲ್ಲ ಸ್ವತಂತ್ರವಾಗಬೇಕೋ ಬೇಡವೋ ಎಂದು ಓಟು ಹಾಕುವ ಮೊದಲು ನೀನು ಟಿವಿಯಲ್ಲಿ ಕೂತು, ಬೇಡ, ಮೊರೆಸ್ಬಿಯ ಜೊತೆಗೇ ಇರೋಣ ಅನ್ನಬೇಕಂತೆ. ಅಂಬ್ರೋಸ್, ನಿನಗೆ ನಿಜವಾಗಿ ಹಾಗನ್ನಿಸಿದ್ದರೆ ಹೋಗು. ನಿನ್ನ ಚೀಲ ನಾನೇ ಕಟ್ಟಿಕೊಡುತ್ತೇನೆ, ಬೈದವರಿಗೆ ನಾನೇ ಉತ್ತರ ಕೊಡುತ್ತೇನೆ. ಆದರೆ ನಮ್ಮ ಮೇಲಿನ ಸಿಟ್ಟಿಗೆ ಹೋಗಬೇಡ. ಮನೆಯವರು ಬಾಗಿಲು ಹಾಕಿದರೆಂದು ಮನುಷ್ಯ ತಾನು ನಂಬಿದ್ದನ್ನು ಬಿಟ್ಟುಕೊಡಬಾರದು. ಬಾಗಿಲು ಶನಿವಾರ ತೆಗೆಯುತ್ತಿದ್ದೇವೆ. ಒಂದು ದಿನ ತಡ, ಅಷ್ಟೇ.

ನೀನು ರಾತ್ರಿ ದಿಂಬು ಒರಗಿಸಿ ಕೂತೇ ಮಲಗುತ್ತೀಯೆಂದು, ಎರಡು ಮೆಟ್ಟಿಲು ಹತ್ತಿದರೆ ನಿಲ್ಲುತ್ತೀಯೆಂದು ಮಗಳು ಹೇಳಿದಳು. ಇಬ್ಬರಿಗೂ ಗೊತ್ತಿರುವ ಮಾತನ್ನು ಮುಚ್ಚಿಟ್ಟು ಏನು ಮಾಡಲಿ? ಮಕ್ಕಳು ನನ್ನ ಕುಲದವರು, ಡಾಮಿಯನ್ ನಮ್ಮ ನೆಲದಲ್ಲಿ ಮಲಗಿದ್ದಾನೆ. ನೀನು ನಿನ್ನ ತಾಯಿಯ ಕುಲದವನು. ನಿನ್ನನ್ನು ಮಲಗಿಸಬೇಕಾದ ನೆಲ ಬೂದು ಮರಳಿನ ಕೆಳಗಿದೆ. ಇಡೀ ದ್ವೀಪಕ್ಕೆ ನೆಲ ಬೇಕೆಂದು ಹೋರಾಡಿದವನಿಗೆ ಚಾಪೆಯಗಲದ ಜಾಗವಿಲ್ಲ.

ಕಳೆದ ವಾರ ಹೆಂಗಸರೆಲ್ಲ ದೊಡ್ಡಮ್ಮನ ಅಂಗಳದಲ್ಲಿ ಸೇರಿದ್ದರು. ಎರಡು ದಿನ ವಾದ ನಡೆಯಿತು. ನಾಳೆ ಇನ್ನೊಬ್ಬ ಅಳಿಯ ಹೀಗೆಯೇ ಮಾಡಿದರೆ ಎಂದು ಕೆಲವರು ಕೇಳಿದರು, ಅವರದೂ ತಪ್ಪಲ್ಲ. ನಾನು ನಿನ್ನ ಹೆಂಡತಿಯಾದ್ದರಿಂದ ಬಾಯಿ ಬಿಡುವಂತಿರಲಿಲ್ಲ, ಕೆಸವಿನ ಗಡ್ಡೆ ಸುಲಿಯುತ್ತಾ ಕೂತಿದ್ದೆ. ಎಷ್ಟು ಸುಲಿದೆನೆಂದರೆ ಕೈ ತುರಿಸಿ ತುರಿಸಿ ಕೆಂಪಾಯಿತು. ದೊಡ್ಡಮ್ಮ ಅದನ್ನು ನೋಡಿದಳೋ ಏನೋ, ಕೊನೆಗೆ ಕೋಲು ನೆಲಕ್ಕೆ ಕುಟ್ಟಿ ಅಂದಳು: “ಬಾಯಿ ತಪ್ಪು ಮಾಡ್ತು, ನಿಜ. ಕಲ್ಲು ಹೂತುಬಿಡೋಣ. ಆ ಹುಡುಗನ ಪಕ್ಕ ಜಾಗ ಖಾಲಿ ಇದೆ. ಅಪ್ಪ ಇನ್ನೆಲ್ಲೋ ಮಲಗಿದ್ರೆ ಮಗು ಹುಡುಕಲ್ವಾ?”

ವಾದ ಮಾಡುತ್ತಿದ್ದವರೇ ಶನಿವಾರ ಅಂತ ದಿನ ಗೊತ್ತುಮಾಡಿದರು.

ಜಾಗ ಸಿಕ್ಕಿತೆಂದು ಅವಸರ ಬೇಡ. ಮೊದಲು ಬಂದು ನನ್ನ ಮನೆಯಲ್ಲಿ ಕೂತು ಉಣ್ಣು. ಕೆಸವಿನ ಗಡ್ಡೆ ಕುಟ್ಟಿ ತೆಂಗಿನೆಣ್ಣೆಯಲ್ಲಿ ಹೊರಳಿಸಿದ ಉಂಡೆ ಮಾಡುತ್ತೇನೆ. ಬುಕಾದ ಡಬ್ಬಿ ಮೀನು ತಿಂದು ನಿನ್ನ ನಾಲಿಗೆಯೇ ಸತ್ತಿರಬೇಕು.

ಶನಿವಾರದ ಕ್ರಮ ಕೇಳು. ಗಾಡಿಯನ್ನು ನದಿಯ ಆಚೆಯೇ ಬಿಟ್ಟು ನಡೆದು ಬಾ. ನಿನ್ನ ತಂಗಿಯ ಮಕ್ಕಳ ಹತ್ತಿರ ಮಾತಾಡಿದ್ದೇನೆ, ಹಂದಿ ಅವರು ತರುತ್ತಾರೆ. ನೀನು ಬಿಲ್ಲು ಮುರಿದು ಕೆಳಗಿಡಬೇಕು. ದೊಡ್ಡಮ್ಮ ಒಂದು ಅಡಿಕೆ ಸೀಳಿ ಅರ್ಧ ತಾನು ಹಾಕಿಕೊಂಡು ಅರ್ಧ ನಿನಗೆ ಕೊಡುತ್ತಾಳೆ. ಅಲ್ಲಿಯವರೆಗೆ ಹೆಂಗಸರು ಒಬ್ಬೊಬ್ಬರಾಗಿ ಏನೇನು ಹೇಳಬೇಕೋ ಹೇಳುತ್ತಾರೆ. ನೀನು ಮಾತಾಡಬಾರದು. ಒಂದು ಮಾತೂ ಇಲ್ಲ. ವಿವರಣೆ ಇಲ್ಲ, ದೇಶ ಇಲ್ಲ, ಇತಿಹಾಸ ಇಲ್ಲ. ನೀನು ಅಷ್ಟು ಹೊತ್ತು ಬಾಯಿ ಮುಚ್ಚಿರುವುದಿಲ್ಲವೆಂದು ಊರಿನ ಗಂಡಸರು ಆಗಲೇ ಬಾಜಿ ಕಟ್ಟಿದ್ದಾರೆ. ಅವರನ್ನು ಸೋಲಿಸು. ಕಷ್ಟವಾದರೆ ನನ್ನ ಕಡೆ ನೋಡು, ನಾನು ಎದುರಿಗೇ ಕೂತಿರುತ್ತೇನೆ.

ನಾಲ್ಕು ವರ್ಷದ ಹಿಂದೆ ದಾರಿಯಲ್ಲಿ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲವೆಂದು ನೀನು ಜಸಿಂತಾಳ ಹತ್ತಿರ ಈಗಲೂ ಕೊರಗುತ್ತೀಯಂತೆ. ಹೌದು, ನಾನೂ ಕೂತಿದ್ದೆ. ನನ್ನ ತಾಯಂದಿರ ನೆಲ, ಕೂರಲೇಬೇಕಿತ್ತು. ಉಳಿದದ್ದನ್ನು ಬಂದ ಮೇಲೆ ಮುಖದಲ್ಲೇ ಓದಿಕೊ.

ಶನಿವಾರ ಬೆಳಿಗ್ಗೆ ನದಿ ದಾಟುವಲ್ಲಿ ಇರುತ್ತೇನೆ. ನೀರು ಮೊಣಕಾಲಿನವರೆಗೆ ಇದೆ, ಕೈ ಹಿಡಿದು ದಾಟಿಸುತ್ತೇನೆ.

ನಿನ್ನವಳೇ,
ಪೆರ್ಪೆಟುವಾ

ಇನ್ನೊಂದು ಮಾತು: ಪೇತ್ರುಸನ ಹತ್ತಿರ ಅಂಗಿ ವಾಪಸು ಕೇಳಬೇಡ, ಪಾಪ, ಅದನ್ನೇ ತೊಟ್ಟು ಕಲ್ಲು ಹೊರುತ್ತಾನಂತೆ. ಆದರೆ ಆ ಓಟು ಅವನದಲ್ಲ. ಅವನು ಆ ದಿನ ಕನ್ನಡಕ ಮರೆತು ಯಾರಿಗೆ ಹಾಕಿದನೆಂದು ಅವನಿಗೇ ಗೊತ್ತಿಲ್ಲ. ಬೆಳಿಗ್ಗೆ ದಾರಿಯಲ್ಲಿ ನಿನ್ನನ್ನು ತಡೆದು, ಮಧ್ಯಾಹ್ನ ಶಾಲೆಯೊಳಗೆ ಹೋಗಿ ಪೆನ್ಸಿಲ್ ಹಿಡಿದೆ. ಅಲ್ಲಿ ದೊಡ್ಡಮ್ಮ ಇರಲಿಲ್ಲ, ಕುಲ ಇರಲಿಲ್ಲ, ನಾನೊಬ್ಬಳೇ ಇದ್ದೆ. ನಿನ್ನ ಹೆಸರಿನ ಮುಂದೆ ಒಂದು ಅಂತ ಬರೆದೆ. ಕಲ್ಲು ಹೂತ ಮೇಲೆ ಇದನ್ನೂ ಹೇಳುವಂತಿಲ್ಲವಲ್ಲ, ಅದಕ್ಕೇ ಈಗಲೇ ಹೇಳಿಬಿಟ್ಟೆ.