ಪಂಪ್‌ಮನೆಯ ಒಂದು ಗೇಣು ಖಾಲಿ ಜಾಗ

ಮಗಳೇ ಹಿಸ್ಕೆ,

ನಿನ್ನ ಅವ್ವ, ನನ್ನಕ್ಕ, ಕ್ಷೇಮವಾಗಿದ್ದಾಳೆ. ಇದನ್ನು ಮೊದಲು ಓದಿಕೊಂಡು ಉಸಿರು ಬಿಡು, ಉಳಿದದ್ದು ಆಮೇಲೆ.

ಮಂಗಳವಾರ ಬೆಳಗಿನಿಂದ ವಾಯವ್ಯದ ಬಿರುಗಾಳಿ. ಸಮುದ್ರಕ್ಕಿಂತ ತಗ್ಗಿನ ಈ ಊರಲ್ಲಿ ಕಾಲುವೆಯ ನೀರನ್ನು ಸಮುದ್ರಕ್ಕೆ ಎತ್ತಿ ಹಾಕುವ ಪಂಪು ನಿಂತರೆ ಕಾಲುವೆ ಉಕ್ಕಿ ಮೊದಲು ನುಗ್ಗುವುದು ನಿಮ್ಮ ಮನೆಗೇ. ಸೊಂಟದ ಶಸ್ತ್ರಚಿಕಿತ್ಸೆಯಾಗಿ ಕೆಳಗಿನ ಕೋಣೆಯಲ್ಲಿ ಮಲಗಿರುವವಳನ್ನು ಆ ಕಡಿದಾದ ಮೆಟ್ಟಿಲು ಹತ್ತಿಸುವುದು ಹೇಗೆ?

ಪಂಪ್‌ಮನೆ ನೋಡಿಕೊಳ್ಳುವ ದೌವೆಗೆ ನಿನ್ನ ಮೇಲಿನ ಮುನಿಸು ಇನ್ನೂ ಇಳಿದಿರಲಿಲ್ಲ. ಮನೆಯ ಸೋಫಾದಲ್ಲೇ ಕೂತು ಪಂಪು ಓಡಿಸಲೆಂದು ಅವನು ವೈಫೈ ಡಬ್ಬಿಯಿಂದ ಪಂಪಿನ ನಿಯಂತ್ರಣ ಪೆಟ್ಟಿಗೆಗೆ ವೈರು ಎಳೆದಿದ್ದ. ವಸಂತದಲ್ಲಿ ಪಂಪ್‌ಮನೆಯ ವೈರಿಂಗ್ ಸರಿಮಾಡಲು ಬಂದವಳು ನೀನು ಅದನ್ನು ಕಿತ್ತೆ.

“ಏನಮ್ಮಾ, ಇನ್ಮೇಲೆ ಮಳೇಲಿ ಸೈಕಲ್ ತುಳ್ಕೊಂಡು ಬಂದು ಗುಂಡಿ ಒತ್ಬೇಕಾ ನಾನು?”

“ಬನ್ನಿ ದೌವೆ ಮಾಮ, ಹೊಟ್ಟೆನೂ ಕರಗುತ್ತೆ. ಗಾಳೀಲಿ ಬರೋ ವೈಫೈ ನೀರಿನ ಮಟ್ಟ ನೋಡೋಕೆ ಮಾತ್ರ. ಪಂಪಿಗೆ ಹೇಳೋ ಮಾತು ಇಲ್ಲಿನ ಗುಂಡಿಯಿಂದ ಬೇರೆ ವೈರಲ್ಲೇ ಹೋಗ್ಲಿ. ಅದೂ ಇದೂ ಮುಟ್ಟಿಕೊಳ್ಳಬಾರದು.”

ಮಂಗಳವಾರ ನಾನು ಪಂಪ್‌ಮನೆಯಲ್ಲಿ ದೌವೆಯ ಜೊತೆಗಿದ್ದಾಗ ಅವನ ಟ್ಯಾಬ್ಲೆಟ್ಟಿನಲ್ಲಿ ನೀರಿನ ಅಂಕಿಗಳು ಹುಚ್ಚೆದ್ದು ಕುಣಿದವು. ಪರದೆಯ ಮೇಲೆ ಇನ್ನೂ ಉಳಿದಿದ್ದ ಹಳೆಯ ‘ನಿಲ್ಲಿಸು’ ಗುಂಡಿ ತಾನಾಗಿಯೇ ಮತ್ತೆ ಮತ್ತೆ ಕೆಂಪಾಗತೊಡಗಿತು. “ವೀಬ್ರೆನ್, ಒತ್ತುತಾ ಇರೋದು ನಾನಲ್ಲ ಕಣೋ! ಯಾರೋ ವೈಫೈ ಒಳಗೆ ಬಂದಿದಾನೆ!” ಎಂದು ಕಿರುಚಿದ.

ಪಂಪಿನ ಕೋಣೆಗೆ ಓಡಿದೆವು. ಪಂಪಿನ ಕಬ್ಬಿಣದ ಮೇಲೆ ಅಂಗೈ ಇಟ್ಟೆ. ನಡುಗುತ್ತಿತ್ತು, ಪಂಪು ಓಡುತ್ತಲೇ ಇತ್ತು! ಹೊರಗೆ ನೀರು ಭೋರೆಂದು ಸಮುದ್ರದ ಕಡೆಗೆ ಬೀಳುತ್ತಿತ್ತು. ನಿಯಂತ್ರಣ ಪೆಟ್ಟಿಗೆಯ ಬಾಗಿಲು ತೆರೆದೆ. ಒಂದು ಬದಿ ವೈಫೈ ಡಬ್ಬಿಯ ದೀಪಗಳು ದೆವ್ವ ಹಿಡಿದಂತೆ ಮಿಣುಕುತ್ತಿದ್ದವು. ಇನ್ನೊಂದು ಬದಿ ವೈರಿನ ಹಸಿರು ದೀಪಗಳು, ಏನೂ ಕೇಳಿಸದವರಂತೆ, ತಮ್ಮ ಪಾಡಿಗೆ ತಾವು. ನಡುವೆ, ನೀನು ವೈರು ಕಿತ್ತ ಕಡೆ, ಒಂದು ಗೇಣು ಖಾಲಿ ಜಾಗ.

ಹಳೆ ರೇಡಿಯೊ ಬಿಚ್ಚಿ ವಿದ್ಯೆ ಕಲಿತವನು ನಾನು. ಜೋಡಿಸಿದ್ದನ್ನು ಕಂಡು ಬೆರಗಾಗುತ್ತಲೇ ಮುದುಕನಾದೆ. ಜೋಡಿಸದೆ ಬಿಟ್ಟದ್ದನ್ನು ಕಂಡು ಮೈ ಜುಮ್ಮೆಂದದ್ದು ಇದೇ ಮೊದಲು. ಎಲ್ಲೋ ಕೂತ ಕಾಣದ ಕೈ ಇಷ್ಟು ದೂರ ಬಂದು, ಆ ಒಂದು ಗೇಣು ದಾಟಲಾರದೆ ನಿಂತಿತಲ್ಲ!

ದೌವೆ ಟೊಪ್ಪಿ ತೆಗೆದ. ಆಮೇಲೆ ಕಾಫಿಗೆ ಒಂದೇ ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚುವ ಆ ಜುಗ್ಗ, ಮುಚ್ಚಳ ತೆರೆದೇ ಬಿಟ್ಟು, “ತಿನ್ನೋ, ಎಷ್ಟು ಬೇಕಾದ್ರೂ ತಿನ್ನು” ಅಂದ. “ನಿನ್ನ ಸೊಸೆಗೆ ಹೇಳು, ಇನ್ನು ಬೈಯಲ್ಲ ಅಂತ.”

ನಿಮ್ಮ ಮನೆಗೆ ಹೋದರೆ ನಿನ್ನ ಅವ್ವ, “ಎಲ್ಲಿ ಸತ್ತಿದ್ಯೋ, ಸೂಪು ಆರಿ ಹೋಯ್ತು” ಎಂದು ಗದರಿದಳು. ಅವಳ ಮಂಚದ ಪಕ್ಕ ನೆಲದ ಮೇಲೆ ಉಣ್ಣೆಯ ಚಪ್ಪಲಿಗಳಿದ್ದವು. ಬಗ್ಗಿ ಮುಟ್ಟಿ ನೋಡಿದೆ. ಒಂದು ಹನಿ ನೀರೂ ತಾಗಿರಲಿಲ್ಲ, ಬೆಚ್ಚಗಿದ್ದವು.

ನಿನ್ನ ಹೊಟ್ಟೆ ತಣ್ಣಗಿರಲಿ, ತಾಯಿ.

ನಿನ್ನ ಸೋದರಮಾವ,
ವೀಬ್ರೆನ್